ಮಾಜಿ ಸಚಿವರು ಸ್ವತಂತ್ರ ನಿರ್ದೇಶಕರಾದರೆ ಯಾವ ಪುಟ ನೋಡಬೇಕು?

ನಿಮ್ಮ ಷೇರಿರುವ ಲಿಸ್ಟೆಡ್ ಕಂಪನಿಗೆ ಮಾಜಿ ಸಚಿವರೊಬ್ಬರು ಸ್ವತಂತ್ರ ನಿರ್ದೇಶಕರಾಗಿ (ಕಂಪನಿಯ ಒಡೆತನದ ಗುಂಪಿನ ನಂಟಿಲ್ಲದ ಮಂಡಳಿ ಸದಸ್ಯರಾಗಿ) ಬಂದಿದ್ದಾರೆ, ಇದು ಸರಿಯೇ, ಕೊಡುವ ದುಡ್ಡು ಜಾಸ್ತಿಯೇ ಎಂದು ಕೇಳಿದ್ದೀರಿ. ಕಾನೂನಿನ ಅಡ್ಡಿಯಿಲ್ಲ. ಕಂಪನಿ ಕಾಯ್ದೆ 2013ರ 149(6)ನೇ ಕಲಂ ಪ್ರವರ್ತಕರ (ಕಂಪನಿ ಕಟ್ಟಿ ಹಿಡಿತ ಇಟ್ಟುಕೊಂಡವರ) ನೆಂಟಸ್ತಿಕೆ, ಹಣದ ವ್ಯವಹಾರ ಕೇಳುತ್ತದೆ. ಪಕ್ಷದ ನಂಟು ಕೇಳುವುದೇ ಇಲ್ಲ. ನನ್ನ ಪ್ರಕಾರ ದೊಡ್ಡ ಕಿಂಡಿ ಅದೇ.

ವಾರ್ಷಿಕ ವರದಿಯ ಕಾರ್ಪೊರೇಟ್ ಗವರ್ನೆನ್ಸ್ ಭಾಗದಲ್ಲಿ ಎರಡು ಕೋಷ್ಟಕ ಇರುತ್ತವೆ: ಹಾಜರಾತಿ, ಸಂಭಾವನೆ. ಅಕ್ಕಪಕ್ಕ ಇಟ್ಟು ಓದಿ. ಸಿಟಿಂಗ್ ಫೀ, ಅಂದರೆ ಸಭೆಗೆ ಬಂದದ್ದಕ್ಕೆ ಕೊಡುವ ಶುಲ್ಕ, ಒಂದು ಸಭೆಗೆ 1 ಲಕ್ಷ ರೂಪಾಯಿ ದಾಟುವಂತಿಲ್ಲ, ಹಾಗಾಗಿ ಆಟ ನಡೆಯುವುದು ಕಮಿಷನ್ (ಲಾಭದಲ್ಲಿ ಕೊಡುವ ಪಾಲು) ಅಂಕಣದಲ್ಲಿ. ಎಂಡಿ ಇರುವ ಕಂಪನಿಯಲ್ಲಿ ಕಾರ್ಯನಿರ್ವಾಹಕರಲ್ಲದ (ದಿನನಿತ್ಯದ ಆಡಳಿತ ನೋಡದ) ನಿರ್ದೇಶಕರೆಲ್ಲರಿಗೂ ಸೇರಿ ನಿವ್ವಳ ಲಾಭದ 1% ಮಿತಿ. ಮೀರಿದರೆ ವಿಶೇಷ ನಿರ್ಣಯ ಬೇಕು, ಅಂದರೆ ಷೇರುದಾರರಿಂದ ವಿರೋಧದ ಕನಿಷ್ಠ ಮೂರು ಪಟ್ಟು ಪರ ಮತ. ಅವರೆಲ್ಲರಿಗೆ ಕೊಡುವ ಒಟ್ಟು ಸಂಭಾವನೆಯಲ್ಲಿ ಒಬ್ಬರಿಗೇ ಅರ್ಧಕ್ಕಿಂತ ಹೆಚ್ಚು ಹೋದರೆ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ಪ್ರತಿ ವರ್ಷ ವಿಶೇಷ ನಿರ್ಣಯ. ಸ್ವತಂತ್ರ ನಿರ್ದೇಶಕರಿಗೆ ಸ್ಟಾಕ್ ಆಪ್ಷನ್ (ನಿಗದಿತ ಬೆಲೆಗೆ ಕಂಪನಿ ಷೇರು ಕೊಳ್ಳುವ ಹಕ್ಕು) ಅಂತೂ ಇಲ್ಲವೇ ಇಲ್ಲ. ಆರು ಸಭೆಯಲ್ಲಿ ಎರಡಕ್ಕೆ ಬಂದು, ಎಲ್ಲರಷ್ಟೇ ಕಮಿಷನ್ ಪಡೆದಿದ್ದರೆ ಎಜಿಎಂನಲ್ಲಿ (ಷೇರುದಾರರ ವಾರ್ಷಿಕ ಮಹಾಸಭೆ) ಕಾರಣ ಕೇಳಿ.

ಅವರ ನೇಮಕಕ್ಕೂ ವಿಶೇಷ ನಿರ್ಣಯ ಬೇಕು; ಅಷ್ಟು ಮತ ಬೀಳದಿದ್ದರೂ, ಒಟ್ಟು ಮತದಲ್ಲೂ ಸಾರ್ವಜನಿಕ ಷೇರುದಾರರ ಮತದಲ್ಲೂ ವಿರೋಧಕ್ಕಿಂತ ಪರ ಹೆಚ್ಚಿದ್ದರೆ ನೇಮಕ ನಿಲ್ಲುತ್ತದೆ. ಬಿಎಸ್‌ಇ ತಾಣದ ಮತ ಫಲಿತಾಂಶದಲ್ಲಿ ಪ್ರವರ್ತಕರ ಸಾಲು ಬಿಟ್ಟು, ‘Public Institutions’ (ಪ್ರವರ್ತಕರಲ್ಲದ ಹೂಡಿಕೆ ಸಂಸ್ಥೆಗಳ) ಸಾಲು ನೋಡಿ. ಮ್ಯೂಚುವಲ್ ಫಂಡ್‌ಗಳ ಮುನಿಸು ಕಾಣುವುದು ಅಲ್ಲೇ.