ಹಕ್ಕಿ ಕಾಲಲ್ಲಿ ಉಂಗುರ ಸಿಕ್ಕರೆ

ಪ್ರಶ್ನೆ: ಕೆರೆ ಏರಿ ಪಕ್ಕ ಪಟ್ಟೆತಲೆ ಹೆಬ್ಬಾತು ಸತ್ತು ಬಿದ್ದಿತ್ತು. ಕಾಲಲ್ಲಿ ಲೋಹದ ಉಂಗುರ. ಅದರ ಮೇಲೆ ಇಂಗ್ಲಿಷಿನಲ್ಲಿ ‘ಬಾಂಬೆ’ ಅಂತ ಇದೆ, ಒಂದಿಷ್ಟು ಅಂಕಿಗಳೂ ಇವೆ. ಯಾರಾದರೂ ಸಾಕಿದ ಹಕ್ಕಿಯೇ? ಉಂಗುರ ಏನು ಮಾಡಲಿ?
– ಓದುಗರು, ಗದಗ ಜಿಲ್ಲೆ

ಉತ್ತರ: ಸಾಕಿದ್ದಲ್ಲ, ಕಾಡು ಹಕ್ಕಿಯೇ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಚಳಿಗಾಲಕ್ಕೆ ನಿಮ್ಮ ಕಡೆ ಬರುವ ಅತಿಥಿ. ಉಂಗುರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯದು. 1883ರಲ್ಲಿ ಎಂಟು ಜನ ಸೇರಿ ಮುಂಬೈಯಲ್ಲಿ ಶುರು ಮಾಡಿದ ನಿಸರ್ಗ ಅಧ್ಯಯನ ಸಂಸ್ಥೆ, ಇವತ್ತಿಗೂ ಕೆಲಸ ಮಾಡುತ್ತಿದೆ. ಉಂಗುರವನ್ನು ಬೆಳಕಿಗೆ ಹಿಡಿದು ನೋಡಿ, ‘ತಿಳಿಸಿ’ ಎಂಬ ಅರ್ಥದ ಪದವೂ ಇರುತ್ತದೆ.

ಹಕ್ಕಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ತಿಳಿಯಲು ಉಂಗುರ ತೊಡಿಸುವ ಈ ಕೆಲಸಕ್ಕೂ ನಮ್ಮ ಮಲೆನಾಡಿಗೂ ಹಳೆಯ ನಂಟಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರೂ ಜ್ವರದಿಂದ ಸತ್ತರು. ಅದೇ ಮಂಗನ ಕಾಯಿಲೆ. ರಷ್ಯಾದ ಒಂದು ವೈರಸ್ಸಿಗೆ ಇದು ಹತ್ತಿರದ್ದು ಎಂದು ಗೊತ್ತಾದಾಗ, ಈ ರೋಗ ಹರಡುವ, ರಕ್ತ ಹೀರುವ ಉಣ್ಣೆ ಹುಳುಗಳನ್ನು ವಲಸೆ ಹಕ್ಕಿಗಳು ಹೊತ್ತು ತಂದವೇ ಎಂಬ ಅನುಮಾನ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಇದೇ ಸೊಸೈಟಿಯ ಪಕ್ಷಿತಜ್ಞ ಸಲೀಂ ಅಲಿ ಮುಂದಾಳತ್ವದಲ್ಲಿ ದೊಡ್ಡ ಪ್ರಮಾಣದ ಉಂಗುರ ತೊಡಿಸುವ ಕೆಲಸ ಶುರುವಾಯಿತು. ಹಕ್ಕಿ ಹಿಡಿಯಲು ಬಂದವರು ಬಿಹಾರದ ಮೀರ್‌ಶಿಕಾರರು. ತಲೆತಲಾಂತರದಿಂದ ಬೇಟೆಗಿದ್ದ ಆ ಕೈಚಳಕ ಹಕ್ಕಿಯ ಒಂದು ಗರಿಯೂ ಮುರಿಯದಂತೆ ಹಿಡಿಯುವುದಕ್ಕೆ ಬಳಕೆಯಾಯಿತು. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ಹಿಡಿದ ಹಕ್ಕಿಯ ತೂಕ, ರೆಕ್ಕೆಯ ಉದ್ದ ಬರೆದುಕೊಂಡು, ಕಾಲಿನ ಅಳತೆಗೆ ತಕ್ಕ ಹಗುರ ಉಂಗುರ ತೊಡಿಸಿ ಬಿಟ್ಟುಬಿಡುತ್ತಾರೆ. ಹೀಗೆ ಬಿಟ್ಟವುಗಳಲ್ಲಿ ಮತ್ತೆ ಸಿಗುವುದು ತೀರಾ ಕಡಿಮೆ. ಅದಕ್ಕೇ ನಿಮ್ಮ ಕೈಲಿರುವ ಅಂಕಿಗಳಿಗೆ ಅಷ್ಟು ಬೆಲೆ. ಅದನ್ನು ಎಲ್ಲಿ, ಯಾವ ದಿನ ತೊಡಿಸಿದರು ಅಂತ ಅವರ ದಾಖಲೆಯಲ್ಲಿದೆ. ಎಲ್ಲಿ ಮುಗಿಯಿತು ಅನ್ನುವುದು ನಿಮಗೆ ಮಾತ್ರ ಗೊತ್ತು.

ಉಂಗುರವನ್ನು ಸುಮ್ನೆ ನೆನಪಿಗೆ ಅಂತ ಎತ್ತಿಡಬೇಡಿ. ಎಲ್ಲ ಅಕ್ಷರ, ಅಂಕಿ ಕಾಣುವ ಹಾಗೆ ಸುತ್ತ ಫೋಟೋ ತೆಗೆದು, ದಿನ, ಕೆರೆ ಹೆಸರು, ಹಕ್ಕಿ ಸಿಕ್ಕ ಸ್ಥಿತಿ ಬರೆದು ಸೊಸೈಟಿಗೆ ಕಳಿಸಿ. ಅರಣ್ಯ ಇಲಾಖೆಗೂ ಹೇಳಿ. ಸತ್ತ ಹಕ್ಕಿಯನ್ನು ಬರಿಗೈಲಿ ಮುಟ್ಟಬೇಡಿ, ಮುಟ್ಟಿದ್ದರೆ ಸೋಪು ಹಚ್ಚಿ ತೊಳೆಯಿರಿ. ನಾಲ್ಕಾರು ಒಟ್ಟಿಗೆ ಸತ್ತಿದ್ದರೆ ಪಶು ಆಸ್ಪತ್ರೆಗೆ ತಕ್ಷಣ ತಿಳಿಸಿ. ಜೀವಂತ ಹಕ್ಕಿಯ ಉಂಗುರವನ್ನಂತೂ ಯಾವತ್ತೂ ಕೀಳಬಾರದು.

ಈ ಹೆಬ್ಬಾತುಗಳು ಬಂದಿಳಿಯುವ ನಿಮ್ಮ ಜಿಲ್ಲೆಯ ಮಾಗಡಿ ಕೆರೆ ನಿಮಗೆ ಹತ್ತಿರವೇ ಅಲ್ವಾ? ಮುಂದಿನ ಚಳಿಗಾಲಕ್ಕೆ ದುರ್ಬೀನು ಹಿಡಿದು ಹೋಗಿ. ಕೆಲವು ಹೆಬ್ಬಾತುಗಳ ಕತ್ತಿನಲ್ಲಿ ಅಕ್ಷರವಿರುವ ಬಣ್ಣದ ಪಟ್ಟಿ ಇರುತ್ತದೆ. ಅದನ್ನು ದಡದಲ್ಲಿ ನಿಂತೇ ಓದಬಹುದು.