ವಿಧವೆಯ ಮರುಮದುವೆ ಕಳಂಕವಾದದ್ದು ಹೇಗೆ?

ಪ್ರಶ್ನೆ: ಚೀನಾದಲ್ಲಿ 690ರಿಂದ 705ರವರೆಗೆ ವು ಝೆಟಿಯನ್ ಎಂಬಾಕೆ ಸ್ವತಃ ಚಕ್ರವರ್ತಿಯಾಗಿ ಆಳಿದ್ದಳು. ಮಿಂಗ್ (1368–1644), ಚಿಂಗ್ (1644–1912) ರಾಜವಂಶಗಳ ಕಾಲಕ್ಕೆ ಬಂದರೆ ವಿಧವೆ ಮರುಮದುವೆಯಾಗುವುದೇ ಕಳಂಕ. ಇದಕ್ಕೆ ಕನ್‌ಫ್ಯೂಷಿಯನ್ ಪಂಡಿತರ ಬೋಧನೆಯೇ ಕಾರಣ ಎಂದು ಓದಿದ್ದೇನೆ. ಅಷ್ಟೇನಾ?

ಉತ್ತರ: ಬೋಧನೆಯ ಪಾಲು ಇದೆ. ಆದರೆ ಅದೊಂದರಿಂದಲೇ ಹೀಗಾಗಲಿಲ್ಲ. ‘ಹಸಿವಿನಿಂದ ಸಾಯುವುದು ಸಣ್ಣ ಮಾತು, ಶೀಲ ಕಳೆದುಕೊಳ್ಳುವುದು ದೊಡ್ಡ ಮಾತು’ ಎಂದು ಕನ್‌ಫ್ಯೂಷಿಯನ್ ಪಂಡಿತ ಚೆಂಗ್ ಯಿ (1033–1107) ಹೇಳಿದ್ದು ಅದಕ್ಕೂ ಹಿಂದಿನ ಸಾಂಗ್ ರಾಜವಂಶದ (960–1279) ಕಾಲದಲ್ಲಿ. ಅದೇ ಸಾಂಗ್ ಕಾಲದಲ್ಲಿ ವಿಧವೆಯರು ಮರುಮದುವೆಯಾಗುತ್ತಲೇ ಇದ್ದರು. ಮಂತ್ರಿ ಫಾನ್ ಝೋಂಗ್ಯಾನ್ ತನ್ನ ವಂಶದವರಿಗಾಗಿ ದತ್ತಿ ಜಮೀನು ಬಿಟ್ಟು 1050ರಲ್ಲಿ ಬರೆದ ನಿಯಮಗಳನ್ನೇ ನೋಡಿ. ಹೆಣ್ಣಿನ ಮೊದಲ ಮದುವೆಗೆ 30 ಸರ ನಾಣ್ಯ (ತೂತಿನ ನಾಣ್ಯಗಳನ್ನು ದಾರದಲ್ಲಿ ಪೋಣಿಸಿದ್ದೇ ಸರ), ಅವಳ ಮರುಮದುವೆಗೆ 20 ಸರ. ಗಂಡಿನ ಮೊದಲ ಮದುವೆಗೆ 20 ಸರ, ಎರಡನೆಯದಕ್ಕೆ ಏನೂ ಇಲ್ಲ! ಫಾನ್‌ನ ತಾಯಿಯೂ ಮರುಮದುವೆಯಾದವಳೇ.

ಮುಂದೆ ಬದಲಾದದ್ದು ತವರಿನಿಂದ ತಂದ ಆಸ್ತಿಯ ಕಾನೂನು. ಟಾಂಗ್ (618–907), ಸಾಂಗ್ ವಂಶಗಳ ಕಾನೂನಿನಲ್ಲಿ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವಾಗ ಸೊಸೆಯರು ತವರಿನಿಂದ ತಂದದ್ದು ಪಾಲಿಗೆ ಬರುತ್ತಿರಲಿಲ್ಲ. ಸಾಂಗ್ ಕಾಲದ ವಿಧವೆ ಮರುಮದುವೆಯಾದರೆ ಅದನ್ನು ತನ್ನೊಂದಿಗೆ ಒಯ್ಯಬಹುದಿತ್ತು. ನಮ್ಮ ಸ್ತ್ರೀಧನ ಗೊತ್ತಿರುವ ಓದುಗರಿಗೆ ಇದರ ತೂಕ ಏನೆಂದು ವಿವರಿಸಬೇಕಿಲ್ಲ. ಅನುಕೂಲಸ್ಥರ ಮನೆಗಳಲ್ಲಿ ಇದು ಪೆಟ್ಟಿಗೆಯಲ್ಲಿಡುವ ಒಡವೆಯಷ್ಟೇ ಅಲ್ಲ, ಜಮೀನೂ ಇರುತ್ತಿತ್ತು.

ಹಾಗೆಂದು ಸಾಂಗ್ ಕಾಲವನ್ನು ಸುವರ್ಣಯುಗ ಅನ್ನಬೇಡಿ. ಹೆಸರಾಂತ ಕವಯಿತ್ರಿ ಲಿ ಚಿಂಗ್‌ಝಾವ್ ವಿಧವೆಯಾದ ಮೇಲೆ 1132ರಲ್ಲಿ ಮರುಮದುವೆಯಾದಳು. ಆ ಗಂಡ ಹಿಂಸಿಸತೊಡಗಿದಾಗ, ಅವನು ಪರೀಕ್ಷೆಗೆ ಎಷ್ಟು ಸಲ ಕೂತಿದ್ದೆ ಎಂಬುದರ ಸುಳ್ಳು ಲೆಕ್ಕ ತೋರಿಸಿ ಸರ್ಕಾರಿ ಹುದ್ದೆ ಗಿಟ್ಟಿಸಿದ್ದನೆಂದು ದೂರು ಕೊಟ್ಟು ಬಿಡುಗಡೆ ಪಡೆದಳು. ಆದರೆ ಗಂಡನ ಮೇಲೆ ದೂರು ಕೊಡುವ ಹೆಂಡತಿಗೆ, ದೂರು ನಿಜವಾಗಿದ್ದರೂ, 2 ವರ್ಷದ ಶಿಕ್ಷೆ ಇತ್ತು. ಪ್ರಭಾವಿ ಬಂಧುವೊಬ್ಬ ನಡುವೆ ಬಂದದ್ದರಿಂದ ಆಕೆ 9 ದಿನಕ್ಕೆ ಸೆರೆಯಿಂದ ಹೊರಬಂದಳು. ಅಂಥ ಬಂಧುವಿಲ್ಲದವರ ಪಾಡು ಏನಿದ್ದಿರಬಹುದು!

ದೊಡ್ಡ ತಿರುವು ಬಂದದ್ದು ಮಂಗೋಲರ ಯುವಾನ್ ಆಳ್ವಿಕೆಯಲ್ಲಿ. ಸತ್ತವನ ತಮ್ಮ ಅತ್ತಿಗೆಯನ್ನು ಮದುವೆಯಾಗುವ ಮಂಗೋಲ್ ಪದ್ಧತಿಯನ್ನು ಕುಬ್ಲಾಯ್ ಖಾನ್ 1271ರಲ್ಲಿ ಚೀನೀಯರಿಗೂ ಅನ್ವಯಿಸಿದ. ಮರುಮದುವೆಯಾಗದೆ ಹಾಗೇ ಉಳಿಯುತ್ತೇನೆ ಎಂದು ನಿಶ್ಚಯಿಸಿದ ವಿಧವೆಗೆ ಇದರಿಂದ ವಿನಾಯಿತಿ ಎಂದು 1276ರಲ್ಲಿ ತೀರ್ಪಾಯಿತು. ಎಷ್ಟೋ ಹೆಂಗಸರಿಗೆ ‘ಪಾತಿವ್ರತ್ಯ’ವೇ ಮೈದುನನಿಂದ ಪಾರಾಗುವ ದಾರಿಯಾಯಿತು. ಮತ್ತೆ 1303ರಲ್ಲಿ, ವಿಧವೆ ಮರುಮದುವೆಯಾದರೆ ತವರಿನ ಆಸ್ತಿ ಸತ್ತ ಗಂಡನ ಮನೆಗೇ ಸೇರಬೇಕೆಂಬ ಕಾನೂನು ಬಂತು. ಮಿಂಗ್ ಮತ್ತು ಚಿಂಗ್ ಸಂಹಿತೆಗಳೂ ಅದನ್ನೇ ಉಳಿಸಿಕೊಂಡವು. ಮಂಗೋಲರು ಹೋದರೂ ಅವರ ಕಾಲದ ಈ ಕಾನೂನು ಹೋಗಲಿಲ್ಲ.

ಇದರ ಮೇಲೆ ಸರ್ಕಾರದ ಬಹುಮಾನ ಬೇರೆ. 30 ವರ್ಷದೊಳಗೆ ವಿಧವೆಯಾಗಿ 50 ದಾಟುವವರೆಗೆ ಹಾಗೇ ಉಳಿದವಳಿಗೆ ರಾಜಸನ್ಮಾನ, ಅವಳ ಮನೆಗೆ ಬಿಟ್ಟಿ ದುಡಿಮೆಯಿಂದ ವಿನಾಯಿತಿ ಎಂದು ಮೊದಲ ಮಿಂಗ್ ಚಕ್ರವರ್ತಿ 1368ರಲ್ಲಿ ಸಾರಿದ. ಚಿಂಗ್ ಕಾಲದಲ್ಲಿ ಅಂಥ ವಿಧವೆಯ ಹೆಸರಲ್ಲಿ ಸ್ಮಾರಕ ಕಮಾನು ಕಟ್ಟಿಸಲು 30 ತೇಲ್ (ಬೆಳ್ಳಿ ತೂಗುವ ಚೀನೀ ಅಳತೆ) ಬೆಳ್ಳಿ ಕೊಡುತ್ತಿದ್ದರು. ಬಡ ಮನೆಗಳಲ್ಲಿ ಇನ್ನೊಂದು ಬಗೆಯ ಕಷ್ಟ: ಮೈದುನಂದಿರು ತೆರ ಹಣದ ಆಸೆಗೆ ವಿಧವೆಯನ್ನು ಬಲವಂತವಾಗಿ ಇನ್ನೊಬ್ಬನಿಗೆ ಕಟ್ಟುತ್ತಿದ್ದರು. ಅಲ್ಲಿ ‘ನಾನು ಮರುಮದುವೆಯಾಗಲಾರೆ’ ಎಂಬ ಮಾತಿಗೆ ನ್ಯಾಯಾಲಯದಲ್ಲಿ ಬೆಲೆ ಇತ್ತು. ಗಂಡನ ಪಾಲಿನ ಜಮೀನು, ಮಕ್ಕಳು ಅವಳ ಕೈಲಿ ಉಳಿಯುತ್ತಿದ್ದದ್ದೂ ಆ ಮಾತಿನಿಂದಲೇ. ಆ ಕಮಾನುಗಳನ್ನು ನೋಡುವಾಗ ಈ ಲೆಕ್ಕಾಚಾರವನ್ನು ಮರೆಯಬಾರದು.

ಪ್ರಶ್ನೆ: ಚಿಂಗ್ ದೊರೆಗಳು ಈಶಾನ್ಯದಿಂದ ಬಂದ ಮಂಚೂ ಜನಾಂಗದವರು, ಪಾದ ಚಿಕ್ಕದಾಗಿರಲೆಂದು ಹುಡುಗಿಯರ ಕಾಲನ್ನು ಬಟ್ಟೆಯಿಂದ ಬಿಗಿಯಾಗಿ ಕಟ್ಟುವ ಪದ್ಧತಿ ಅವರಲ್ಲಿ ಇರಲಿಲ್ಲ. ಹಾಗಿದ್ದರೂ ಆ ಪದ್ಧತಿಯನ್ನು ನಿಲ್ಲಿಸಲು ಅವರಿಂದ ಯಾಕಾಗಲಿಲ್ಲ?

ಉತ್ತರ: ಪ್ರಯತ್ನಪಟ್ಟರು. 1664ರ ನಿಷೇಧವನ್ನು 1668ರಲ್ಲೇ ಹಿಂದೆಗೆದುಕೊಂಡರು. ಗಂಡಸರು ಜಡೆ ಬಿಡಬೇಕೆಂಬ 1645ರ ಆಜ್ಞೆಯನ್ನು ಬೀದಿಯಲ್ಲಿ ನಿಂತೇ ಪರೀಕ್ಷಿಸಬಹುದಿತ್ತು. ಕಾಲು ಕಟ್ಟುವುದು ಒಳಮನೆಯಲ್ಲಿ ತಾಯಿ ಮಾಡುವ ಕೆಲಸ. 5–8 ವರ್ಷದ ಹುಡುಗಿಯ ಹೆಬ್ಬೆರಳನ್ನು ಬಿಟ್ಟು ಉಳಿದ ನಾಲ್ಕು ಬೆರಳನ್ನು ಅಂಗಾಲಿನ ಕೆಳಗೆ ಮಡಚಿ, ಹಿಮ್ಮಡಿಯನ್ನು ಮುಂದಕ್ಕೆಳೆದು ಉದ್ದನೆಯ ಬಟ್ಟೆ ಸುತ್ತುತ್ತಿದ್ದರು. ಮತ್ತೆ ಮತ್ತೆ ಬಿಚ್ಚಿ, ತೊಳೆದು, ಮೊದಲಿಗಿಂತ ಬಿಗಿಯಾಗಿ ಕಟ್ಟಬೇಕು. ಉಗುರು ಮಾಂಸಕ್ಕೆ ಇಳಿದರೆ ಕೀವು, ರಕ್ತ ಓಡದಿದ್ದರೆ ಬೆರಳೇ ಕೊಳೆಯುತ್ತಿತ್ತು. ಫುಝೌನಲ್ಲಿ 1243ರಲ್ಲಿ ತೀರಿಕೊಂಡ 17ರ ಹರೆಯದ ಹುವಾಂಗ್ ಶೆಂಗ್‌ಳ ಸಮಾಧಿಯಲ್ಲಿ ಸಿಕ್ಕ ಪಾದರಕ್ಷೆಗಳ ಉದ್ದ ಸುಮಾರು 14 ಸೆಂ.ಮೀ. ಮುಂದಿನ ಶತಮಾನಗಳಲ್ಲಿ ಆದರ್ಶವೆಂದು ಹೊಗಳಿಸಿಕೊಂಡದ್ದು ಸುಮಾರು 10 ಸೆಂ.ಮೀ. ಪಾದ.

ಇಷ್ಟು ನೋವು ಕೊಡುವ ತಾಯಿಯನ್ನು ಕ್ರೂರಿ ಎಂದುಬಿಡುವುದು ಸುಲಭ. ಕಾಲು ಕಟ್ಟದ ಮಗಳಿಗೆ ಒಳ್ಳೆಯ ಸಂಬಂಧ ಬರುವುದಿಲ್ಲ ಎಂಬ ಭಯ ಅವಳದು, ಆ ಭಯ ಸುಳ್ಳೂ ಆಗಿರಲಿಲ್ಲ. ಒಂದು ಮನೆಯವರು ಮಾತ್ರ ನಿಲ್ಲಿಸಿದರೆ ನಷ್ಟ ಆ ಮನೆಯ ಹುಡುಗಿಗೇ. 19ನೇ ಶತಮಾನದ ಕೊನೆಯ ಸುಧಾರಣಾ ಸಂಘಗಳು ಈ ಗಂಟಿಗೇ ಕೈಹಾಕಿದವು. ಸದಸ್ಯರು ಎರಡು ಮಾತು ಕೊಡಬೇಕಿತ್ತು: ಮಗಳ ಕಾಲು ಕಟ್ಟುವುದಿಲ್ಲ, ಮಗನಿಗೆ ಕಾಲು ಕಟ್ಟಿದ ಹುಡುಗಿಯನ್ನು ತರುವುದಿಲ್ಲ. ಎರಡನೆಯ ಮಾತೇ ಮುಖ್ಯ. ರಾಜಮಾತೆ ಸಿಶಿ ಪದ್ಧತಿಯ ವಿರುದ್ಧ ಆಜ್ಞೆ ಹೊರಡಿಸಿದ್ದು ಆಮೇಲೆ, 1902ರಲ್ಲಿ. ಉತ್ತರ ಚೀನಾದ ಡಿಂಗ್‌ಶಿಯಾನ್‌ನಲ್ಲಿ 1929ರಲ್ಲಿ ಸಮೀಕ್ಷೆ ನಡೆಸಿದಾಗ, 1890ಕ್ಕೆ ಮೊದಲು ಹುಟ್ಟಿದ ಹೆಂಗಸರಲ್ಲಿ ಶೇ 99ರಷ್ಟು ಮಂದಿಯ ಕಾಲು ಕಟ್ಟಲಾಗಿತ್ತು. 1919ರ ನಂತರ ಹುಟ್ಟಿದವರಲ್ಲಿ ಒಬ್ಬರದ್ದೂ ಇರಲಿಲ್ಲ.