ಚಿಕ್ಕ ಮಕ್ಕಳ ಜೊತೆ ಇಂಗ್ಲೆಂಡಿಗೆ ಬರೋರಿಗೆ

ಮೂರು ವರ್ಷದ ಮಗಳು, ಎಂಟು ತಿಂಗಳ ಮಗನ್ನ ಕರ್ಕೊಂಡು ರೆಡಿಂಗ್‌ಗೆ ಬರ್ತಿದೀವಿ, ಮಕ್ಕಳಿಗೆ ಹುಷಾರಿಲ್ದೆ ಆದ್ರೆ ಅಲ್ಲಿ ಏನ್ಮಾಡೋದು ಅಂತ ಕೇಳಿದೀರಲ್ಲ, ನಾನು ಇಲ್ಲಿಗೆ ಬಂದು 14 ವರ್ಷ ಆಯ್ತು, ಇಬ್ರು ಮಕ್ಕಳನ್ನೂ ಇಲ್ಲೇ ಬೆಳೆಸಿದ್ದು, ಗೊತ್ತಿರೋದು ಹೇಳ್ತೀನಿ.

ತಾಯಿ ಕಾರ್ಡ್ ಮರೀದೆ ತನ್ನಿ. ಯಾವ ಲಸಿಕೆ ಯಾವತ್ತು ಆಗಿದೆ ಅಂತ ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟ್ರು) ಹತ್ರ ಇರೋ ನರ್ಸ್ ಅದ್ರಲ್ಲೇ ನೋಡಿ ಬಾಕಿ ಇರೋದನ್ನ ಹಾಕ್ತಾರೆ. ಬಂದ ವಾರನೇ ಜಿಪಿ ರಿಜಿಸ್ಟರ್ ಮಾಡ್ಬಿಡಿ, ಅಡ್ರೆಸ್ ಪ್ರೂಫ್ ಇಲ್ಲ ಅಂತ ಕಾಯ್ಬೇಡಿ, ಅದು ಕಡ್ಡಾಯ ಅಲ್ಲ. ಊರಲ್ಲಿ ಸಂಜೆ ಜ್ವರ ಬಂದ್ರೆ ಹೋಗಿ ಕ್ಲಿನಿಕ್‌ನಲ್ಲಿ ಟೋಕನ್ ತಗೊಂಡು ಕೂತ್ಕೋತೀವಿ, ಇಲ್ಲಿ ಹಾಗೆ ನಡಿಯಲ್ಲ, ಜಿಪಿ ಬಾಗಿಲು ಹಾಕಿದ್ಮೇಲೆ 111 ಅನ್ನೋ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡ್ಬೇಕು, ಜೀವಕ್ಕೆ ಅಪಾಯ ಅನ್ಸಿದ್ರೆ ತುರ್ತು ನಂಬರ್ 999. ನೆಗಡಿ ಜ್ವರಕ್ಕೆಲ್ಲ ಆಂಟಿಬಯೋಟಿಕ್ ಬರ್ಕೊಡಲ್ಲ, ಕ್ಯಾಲ್‌ಪಾಲ್ (ಮಕ್ಕಳ ಪ್ಯಾರಾಸಿಟಮಾಲ್ ಸಿರಪ್) ಕೊಟ್ಟು ನೋಡಿ ಅಂತಾರೆ, ಮೊದ್ಲು ನಂಗೂ ಕೋಪ ಬರ್ತಿತ್ತು, ಈಗ ಅದೇ ಸರಿ ಅನ್ಸತ್ತೆ. ಆದ್ರೆ ಮೈಮೇಲೆ ಕೆಂಪು ಚುಕ್ಕೆ ಎದ್ದು ಗಾಜಿನ ಲೋಟ ಒತ್ತಿ ಹಿಡಿದ್ರೂ ಮಾಸದೆ ಇದ್ರೆ ಒಂದು ನಿಮಿಷನೂ ಕಾಯ್ಬೇಡಿ, ಮೆನಿಂಜೈಟಿಸ್ (ಮೆದುಳಿನ ಪೊರೆಯ ಸೋಂಕು) ಇರ್ಬೋದು. ನಮ್ಮ ಮಕ್ಕಳ ಮೈಬಣ್ಣಕ್ಕೆ ಬೇಗ ಕಾಣ್ಸಲ್ಲ, ಅಂಗೈ ಅಂಗಾಲು ನೋಡಿ.

ಊರಿಂದ ಪ್ಯಾರಾಸಿಟಮಾಲ್ ಸಿರಪ್ ತರೋದಾದ್ರೆ ಬಾಟ್ಲಿ ಮೇಲೆ ಓದಿ. ಅಲ್ಲಿ 5 ಎಂಎಲ್‌ಗೆ 250 ಎಂಜಿ ಇರೋದೂ ಸಿಗತ್ತೆ, ಇಲ್ಲಿ ಚಿಕ್ಕ ಮಕ್ಕಳ ಕ್ಯಾಲ್‌ಪಾಲ್‌ನಲ್ಲಿ 120, ನಿದ್ದೆಗಣ್ಣಲ್ಲಿ ಅದೇ ಚಮಚದಲ್ಲಿ ಅಳೆದು ಕೊಟ್ರೆ ಎರಡು ಪಟ್ಟು ಆಗೋಗತ್ತೆ.

ಮನೇಲಿ ನಂಗೆ ಜಾಸ್ತಿ ಭಯ ಬಿಸಿ ನೀರು, ಬಿಸಿ ಟೀದು. ಮಗಳಿಗೆ ಹದಿನಾಲ್ಕು ತಿಂಗಳಿದ್ದಾಗ ಟೇಬಲ್ ಬಟ್ಟೆ ಎಳೆದು ಟೀ ಕೈಮೇಲೆ ಚೆಲ್ಕೊಂಡ್ಳು, ನಾನು ಗಾಬರೀಲಿ ಟೂತ್‌ಪೇಸ್ಟ್ ಹಚ್ಬಿಟ್ಟೆ, ನಮ್ಮಮ್ಮ ಮಾಡ್ತಿದ್ದಿದ್ದೇ ಅದು. ಆಸ್ಪತ್ರೇಲಿ ಅದನ್ನ ಒರೆಸಿ ತೆಗೆಯುವಾಗ ಮಗು ಅತ್ತಿದ್ದು ಈಗ್ಲೂ ಕಿವೀಲಿದೆ. ಪೇಸ್ಟು, ಇಂಕು, ಅರಿಶಿನ ಏನೂ ಬೇಡ, ಐಸೂ ಬೇಡ, ನಲ್ಲಿ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಬೇಕು, ಆಮೇಲೆ ಸುಟ್ಟ ಜಾಗದ ಮೇಲೆ ಕ್ಲಿಂಗ್ ಫಿಲ್ಮ್ (ಅಡುಗೆಮನೇಲಿ ಬಳಸೋ ತೆಳು ಪ್ಲಾಸ್ಟಿಕ್ ಹಾಳೆ) ಇಟ್ಟು ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಬಾಡಿಗೆ ಮನೇಲಿ ಮಹಡಿ ಮೆಟ್ಟಿಲಿದ್ರೆ ಮೊದಲ ದಿನಾನೇ ಮೇಲೆ ಕೆಳಗೆ ಎರಡು ಕಡೆ ಸ್ಟೇರ್‌ ಗೇಟ್ ಹಾಕ್ಸಿ. ಬಿಸಿಲು ಕಮ್ಮಿ, ಮಗಳಿಗೆ ದಿನಾ ವಿಟಮಿನ್ ಡಿ ಡ್ರಾಪ್ಸ್ ಕೊಡಿ, ಮಗನಿಗೂ ಕೊಡಿ, ದಿನಕ್ಕೆ ಅರ್ಧ ಲೀಟರ್‌ಗಿಂತ ಜಾಸ್ತಿ ಫಾರ್ಮುಲಾ (ಡಬ್ಬಿ ಹಾಲು) ಕುಡೀತಿದ್ರೆ ಮಾತ್ರ ಅವನಿಗೆ ಬೇಡ.

ಇನ್ನು ರಜಕ್ಕೆ ಊರಿಗೆ ಹೋಗೋದು. ಇಲ್ಲಿ ಬೆಳೆದ ಮಕ್ಕಳು ಅಜ್ಜಿ ಮನೆಗೆ ಹೋದ ನಾಲ್ಕೇ ದಿನಕ್ಕೆ ವಾಂತಿ ಭೇದಿ ಅಂತ ಮಲಗ್ತಾರೆ, ನಮ್ಮನೇಲಿ ಎರಡು ಸಲ ಆಗಿದೆ. ನೀರು ಕುದಿಸಿ ಆರ್ಸಿ ಕೊಡಿ, ಓಆರ್‌ಎಸ್ ಪೊಟ್ಟಣ ಬ್ಯಾಗಲ್ಲೇ ಇರ್ಲಿ, ಡೆಂಗ್ಯೂ ಸೊಳ್ಳೆ ಕಚ್ಚೋದು ಹಗಲು ಹೊತ್ತಲ್ಲಿ, ಹಾಗಾಗಿ ಮಧ್ಯಾಹ್ನ ಮಲಗಿಸುವಾಗ್ಲೂ ಸೊಳ್ಳೆ ಪರದೆ ಕಟ್ಟಿ. ಒಂದು ವರ್ಷ ತುಂಬೋ ತನಕ ಮಗನಿಗೆ ಜೇನುತುಪ್ಪ ನೆಕ್ಕಿಸೋಕೆ ಬಿಡ್ಬೇಡಿ, ಅಜ್ಜಿಗೆ ಬೇಜಾರಾದ್ರೂ ಪರ್ವಾಗಿಲ್ಲ, ಬಾಟ್ಯುಲಿಸಂ ಅಂತ ಖಾಯಿಲೆ ಬರೋ ಅಪಾಯ ಇದೆ.

ಹಾಂ, ಇನ್ನೊಂದು. ಟೈಫಾಯ್ಡ್ ಇಂಜೆಕ್ಷನ್ ಇಲ್ಲಿ ಸಾಮಾನ್ಯವಾಗಿ ಎರಡು ವರ್ಷ ತುಂಬಿದ್ಮೇಲೇ ಕೊಡೋದು, ಅಲ್ಲಿ ಆರು ತಿಂಗಳು ದಾಟಿದ ಮಗುಗೂ ಹಾಕ್ತಾರೆ, ಹೊರಡೋಕ್ ಮುಂಚೆ ನಿಮ್ಮ ಮಕ್ಕಳ ಡಾಕ್ಟ್ರನ್ನ ಕೇಳಿ ಹಾಕಿಸ್ಕೊಂಡು, ಕಾರ್ಡಲ್ಲಿ ಬರೆಸ್ಕೊಂಡೇ ಬನ್ನಿ.